ಒಂದು ಕಡ್ಡಿ ಮುರಿದಾಗ
(ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ, ಅನ್ನಪೂರ್ಣೇಶ್ವರಿ ನಗರ)



ಇಂದು ಮೇ 1. ದುಡಿಯುವ ಜನರ ಈ ದಿನವನ್ನು ಜಗದ್ಗುರು ಹನ್ನೆರಡನೇ ಪಯಸ್ ಅವರು 1955ರಲ್ಲಿ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಧರ್ಮಸಭೆಗೆ ಕೊಟ್ಟರು. ನಜರೇತಿನ ಜನ ಯೇಸುವನ್ನು ಬಡಗಿಯ ಮಗನೆಂದು ಹಗುರವಾಗಿ ಕಂಡದ್ದನ್ನು ಈಗಷ್ಟೇ ಶುಭಸಂದೇಶದಲ್ಲಿ ಆಲಿಸಿದೆವು. ಕೈಕೆಲಸ ಮಾಡುವವರನ್ನು ಹಗುರವಾಗಿ ಕಾಣುವ ಗುಣ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆದ್ದರಿಂದ ಈ ಹಬ್ಬದಂದು ಒಂದು ಸಣ್ಣ ಕೈಕೆಲಸವನ್ನೇ ಧ್ಯಾನಿಸೋಣ. ಅದು ಸೈಕಲ್ ಚಕ್ರದ ಮುರಿದ ಕಡ್ಡಿಯನ್ನು ಸರಿಪಡಿಸುವ ಕೆಲಸ.

ಮಾಗಡಿ ರಸ್ತೆಯಲ್ಲಿ ಮುಂಜಾನೆ ನಿಂತು ನೋಡಿದರೆ ಬಸ್ಸು, ಬೈಕುಗಳ ನಡುವೆ ಸೈಕಲ್ಲುಗಳು ಈಗ ಅಪರೂಪ. ಆದರೂ ಹ್ಯಾಂಡಲಿಗೆ ಊಟದ ಡಬ್ಬಿ ನೇತುಹಾಕಿಕೊಂಡು ಕಾಮಾಕ್ಷಿಪಾಳ್ಯದ ಶೆಡ್ಡುಗಳಿಗೋ, ಪೀಣ್ಯದ ಕಾರ್ಖಾನೆಗಳಿಗೋ ಹೋಗುವವರು ಇದ್ದೇ ಇದ್ದಾರೆ. ಅಂಥವರ ಚಕ್ರ ನಿಂತರೆ ಆ ದಿನದ ಕೂಲಿಯೂ ನಿಂತಂತೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾದಾಗ, ದೂರದ ಶಾಲೆ ಎಷ್ಟೋ ಮಕ್ಕಳಿಗೆ ಹತ್ತಿರವಾಯಿತು. ಬಡವರ ಮನೆಯಲ್ಲಿ ಸೈಕಲ್ ಎಂದರೆ ಬರೀ ವಾಹನವಲ್ಲ, ಅನ್ನ ಮತ್ತು ಅಕ್ಷರ.

ಈ ಚಕ್ರ ನಿಂತಿರುವುದು ಹೇಗೆ? ಎತ್ತಿನ ಗಾಡಿಯ ಅರೆಕಾಲುಗಳು ಕಂಬಗಳಂತೆ ಭಾರ ಹೊರುತ್ತವೆ. ಸೈಕಲ್ ಕಡ್ಡಿ ಹಾಗಲ್ಲ. ಅದರ ದಪ್ಪ ಸುಮಾರು 2 ಮಿಲಿಮೀಟರ್, ಒತ್ತಿದರೆ ಬಾಗಿಹೋಗುತ್ತದೆ. ಅದರ ಬಲವೆಲ್ಲ ಎಳೆತದಲ್ಲಿದೆ. ಕೆಲವು ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆಯುತ್ತವೆ, ಕೆಲವು ಬಲಕ್ಕೆ. ಎಲ್ಲವೂ ಸಮವಾಗಿ ಎಳೆದಾಗ ಚಕ್ರ ನೆಟ್ಟಗಿರುತ್ತದೆ. ಕಡ್ಡಿಗಳನ್ನು ಒಂದಕ್ಕೊಂದು ಅಡ್ಡಹಾಯುವಂತೆ ಓರೆಯಾಗಿ ಜೋಡಿಸುವ ವಿಧಾನಕ್ಕೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ನಮ್ಮ ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳನ್ನು ಹೀಗೆಯೇ ಹೆಣೆದಿರುವುದನ್ನು ಕಾಣುತ್ತೇವೆ.

ಹಾಗಾದರೆ ಕಡ್ಡಿ ಮುರಿಯುವುದೇಕೆ? ಗುಂಡಿಗೆ ಬಿದ್ದದ್ದರಿಂದ ಎಂದು ನಾವು ಥಟ್ಟನೆ ಹೇಳುತ್ತೇವೆ. ಆದರೆ ಬಹುಪಾಲು ಕಡ್ಡಿಗಳು ದಿನದಿನವೂ ಸವೆದು ಮುರಿಯುತ್ತವೆ. 28 ಇಂಚಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಕೆಳಗೆ ಬಂದ ಕಡ್ಡಿಯ ಎಳೆತ ತುಸು ಸಡಿಲಗೊಂಡು, ಮೇಲೇಳುವಾಗ ಮತ್ತೆ ಬಿಗಿಯಾಗುತ್ತದೆ. ಚಕ್ರ ಬಿಗಿಯಾಗಿದ್ದರೆ ಇದನ್ನು ಬಹುಕಾಲ ತಾಳಿಕೊಳ್ಳುತ್ತದೆ. ಸಡಿಲವಾಗಿದ್ದರೆ ಹಬ್ಬಿನ ತೂತಿನ ಬಳಿ, ಕಡ್ಡಿ ಕೊಕ್ಕೆಯಂತೆ ಬಾಗಿರುವ ಜಾಗದಲ್ಲಿ, ಅದು ಅಲ್ಲಾಡಿ ಅಲ್ಲಾಡಿ ಒಂದು ದಿನ ಟಿಕ್ಕೆಂದು ಮುರಿಯುತ್ತದೆ. ಹೆಚ್ಚು ಭಾರ ಹೊರುವ ಹಿಂದಿನ ಚಕ್ರದಲ್ಲೇ ಇದು ಹೆಚ್ಚು. ಒಂದು ಮುರಿದರೆ ರಿಮ್ ಒಂದು ಕಡೆಗೆ ವಾಲಿ ಬ್ರೇಕಿಗೆ ಉಜ್ಜುತ್ತದೆ, ಪಕ್ಕದ ಕಡ್ಡಿಗಳ ಮೇಲೆ ಭಾರ ಏರುತ್ತದೆ. ಹಾಗೆಯೇ ತುಳಿಯುತ್ತ ಹೋದರೆ ಎರಡನೆಯದು, ಮೂರನೆಯದು ಮುರಿಯುವ ಸರದಿ.

ಪ್ರಿಯರೇ, ನಮ್ಮ ಕುಟುಂಬಗಳಲ್ಲೂ ಹೀಗೆಯೇ ಅಲ್ಲವೇ? ಮಗ ಶಾಲೆ ಬಿಟ್ಟ, ಅಪ್ಪ ಕುಡಿತಕ್ಕೆ ಬಿದ್ದ, ಸೊಸೆ ಮಾತು ಬಿಟ್ಟಳು ಎನ್ನುತ್ತೇವೆ. 'ಅವನು ಕೆಟ್ಟ' ಎಂದು ಒಬ್ಬನ ಮೇಲೆ ಹೊರೆಸಿ ಸುಮ್ಮನಾಗುತ್ತೇವೆ. ಆ ಒಬ್ಬನ ಅಕ್ಕಪಕ್ಕ ಇದ್ದವರು ಎಷ್ಟು ದಿನದಿಂದ ಸಡಿಲವಾಗಿದ್ದೆವು ಎಂದು ಕೇಳಿಕೊಳ್ಳುವವರು ಎಷ್ಟು ಮಂದಿ?

ಸೈಕಲ್ ರಿಪೇರಿಯವನು ಏನು ಮಾಡುತ್ತಾನೆ, ನೋಡೋಣ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಅದೇ ಅಳತೆಯ ಹೊಸ ಕಡ್ಡಿಯನ್ನು ಹಬ್ಬಿನ ತೂತಿನಲ್ಲಿ ತೂರಿಸಿ, ಉಳಿದ ಕಡ್ಡಿಗಳು ಹೋದ ದಾರಿಯಲ್ಲೇ ಹೆಣೆದು ನಿಪ್ಪಲ್ಲಿಗೆ ಸೇರಿಸುತ್ತಾನೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಚಕ್ರ ತಿರುಗಿಸಿ, ರಿಮ್ಮಿನ ಬದಿಗೆ ಸೀಮೆಸುಣ್ಣ ಹಿಡಿದು, ಎಲ್ಲಿ ತಾಗುತ್ತದೆಂದು ನೋಡುತ್ತಾನೆ. ರಿಮ್ ಎಡಕ್ಕೆ ವಾಲಿದ್ದರೆ ಅಲ್ಲಿ ಬಲಗಡೆಯ ಕಡ್ಡಿಗಳನ್ನು ತುಸು ಬಿಗಿದು, ಎಡಗಡೆಯವನ್ನು ತುಸು ಸಡಿಲಿಸುತ್ತಾನೆ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಮತ್ತೆ ತಿರುಗಿಸಿ ನೋಡುತ್ತಾನೆ, ಮತ್ತೆ ಕಾಲು ಸುತ್ತು. ಅವಸರಪಟ್ಟು ಒಂದನ್ನೇ ಬಿಗಿದರೆ ಚಕ್ರ ಇನ್ನೂ ಸೊಟ್ಟಗಾದೀತು. ಕಡ್ಡಿಯ ತುದಿ ನಿಪ್ಪಲ್ಲನ್ನು ದಾಟಿ ಬಂದು ಟ್ಯೂಬನ್ನೇ ಚುಚ್ಚೀತು.

ಇಲ್ಲಿ ತಂದೆತಾಯಿಯರಿಗೂ, ಗುರುಗಳಾದ ನಮಗೂ ಪಾಠವಿದೆ. ತಪ್ಪಿದ ಮಗುವನ್ನು ಒಂದೇ ರಾತ್ರಿಯಲ್ಲಿ ಬೈದು ತಿದ್ದಲಾಗದು. ಮಗನಿಗೆ ತುಸು ಶಿಸ್ತು ಬೇಕಾದಾಗ ಅಪ್ಪನ ಕೋಪ ತುಸು ಸಡಿಲವಾಗಬೇಕು. ಒಬ್ಬರು ಬದಲಾಗಬೇಕಾದರೆ ಮನೆಯವರೆಲ್ಲರೂ ಕಾಲು ಸುತ್ತು ಬದಲಾಗಬೇಕು.

ಆದರೆ ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ಮುರಿದ ಕಡ್ಡಿ ಗುಜರಿಗೆ ಹೋಗುತ್ತದೆ. ಮನುಷ್ಯನನ್ನು ಗುಜರಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ನಮ್ಮ ಪಕ್ಕದಲ್ಲೇ ಇರುವ ಸುಮನಹಳ್ಳಿಯನ್ನು ನೆನೆಯಿರಿ. ಕುಷ್ಠರೋಗದ ಕಾರಣಕ್ಕೆ ಮನೆಯವರೇ ಹೊರಗಿಟ್ಟವರಿಗೆ ಅಲ್ಲಿ ಆರೈಕೆ ಸಿಕ್ಕಿತು, ಕಸುಬು ಸಿಕ್ಕಿತು. ಲೋಕ ಮುರಿದುಹೋಯಿತೆಂದ ಕೈಗಳು ಮತ್ತೆ ದುಡಿದವು. ದೇವರ ಚಕ್ರದಲ್ಲಿ ಒಬ್ಬೊಬ್ಬರಿಗೂ ಒಂದು ತೂತು ಕಾದಿದೆ. ಅಲ್ಲಿ ಬೇರೊಬ್ಬರನ್ನು ಹಾಕಲಾಗದು.

ಜಾಣ ರಿಪೇರಿಯವನು ಕಡ್ಡಿ ಮುರಿಯುವ ತನಕ ಕಾಯುವುದಿಲ್ಲ. ಎರಡೆರಡು ಕಡ್ಡಿಗಳನ್ನು ಬೆರಳಲ್ಲಿ ಹಿಸುಕಿ ನೋಡುತ್ತಾನೆ, ಮೀಟಿ ನಾದ ಕೇಳುತ್ತಾನೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಇಂದು ಸಂಜೆ ಜಪಸರಕ್ಕೆ ಕುಳಿತಾಗ ನಮ್ಮ ಮನೆಯ ದನಿಗಳನ್ನೂ ಹೀಗೆ ಆಲಿಸೋಣ. ಯಾರ ದನಿ ಮಂಕಾಗಿದೆ? ಕೆಲಸ ಹೋದದ್ದನ್ನು ಹೇಳಲಾಗದೆ ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುವವರು ನಮ್ಮ ಬೀದಿಯಲ್ಲಿದ್ದಾರೆಯೇ? ಕೆಲವು ಭಾನುವಾರಗಳಿಂದ ಪೂಜೆಗೆ ಬಾರದವರು ಯಾರು? ಈ ವಾರ ಒಂದು ಮನೆಯ ಬಾಗಿಲನ್ನಾದರೂ ತಟ್ಟೋಣ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ ಇದ್ದರೆ, ರಿಪೇರಿ ಮಾಡಿಸಿ ಅದು ಬೇಕಾದ ಮಗುವಿಗೆ ಕೊಡೋಣ. ರಿಪೇರಿಯವನ ಕೂಲಿಯಲ್ಲಿ ಚೌಕಾಸಿ ಮಾಡದಿರೋಣ. ಅದೂ ಸಂತ ಜೋಸೆಫರಿಗೆ ಸಲ್ಲುವ ಗೌರವವೇ.

ಮೌನವಾಗಿ ದುಡಿದು ತಿರುಕುಟುಂಬವನ್ನು ಸಲಹಿದ ಆ ಸಂತರು ನಮ್ಮ ಮನೆಗಳನ್ನೂ ದುಡಿಯುವ ಕೈಗಳನ್ನೂ ಕಾಯಲಿ. ಆಮೆನ್.