ತಮ್ಮವರ ಮೇಲೆಯೇ ತಿರುಗಿಬಿದ್ದವರು



ಪರಕೀಯರ ಆಳ್ವಿಕೆಗೆ ಸಿಕ್ಕಿದ ಜನ ಅದನ್ನು ಕಿತ್ತೊಗೆಯಲು ಏಕೆ ಹಂಬಲಿಸುತ್ತಾರೆಂಬುದನ್ನು ನಮ್ಮ ದೇಶದ ಶ್ರೋತೃಗಳಿಗೆ ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಬಂಡಾಯವೂ ಉಂಟು. ಆಳುವವರೂ ಆಳಿಸಿಕೊಳ್ಳುವವರೂ ಒಂದೇ ಕುಲದವರಾಗಿ, ಒಂದೇ ಭಾಷೆಯನ್ನಾಡಿ, ಒಂದೇ ಧರ್ಮಗ್ರಂಥವನ್ನೋದಿ, ಒಂದೇ ನ್ಯಾಯಪದ್ಧತಿಯನ್ನು ತಮ್ಮ ಪಿತ್ರಾರ್ಜಿತವೆಂದು ಭಾವಿಸಿಕೊಂಡಿದ್ದರೂ, ಕಡಲಾಚೆಗೆ ಹೋಗಿ ನೆಲಸಿದವರು ತಮ್ಮ ತಾಯ್ನಾಡಿನ ಮೇಲೆಯೇ ಆಯುಧವೆತ್ತಿದ ಬಂಡಾಯ ಅದು. ಉತ್ತರ ಅಮೆರಿಕದ ಪೂರ್ವತೀರದ ಹದಿಮೂರು ವಸಾಹತುಗಳು ಬ್ರಿಟನ್ನಿನಿಂದ ಬೇರ್ಪಟ್ಟುದು ಇದಕ್ಕೆ ಮುಖ್ಯ ನಿದರ್ಶನ. 1763ರಲ್ಲಿ, ಏಳು ವರ್ಷಗಳ ಯುದ್ಧ ಮುಗಿದು ಫ್ರೆಂಚರು ಕೆನಡಾವನ್ನು ಬಿಟ್ಟುಕೊಟ್ಟಾಗ, ಈ ವಸಾಹತುಗಾರರಷ್ಟು ಹೆಮ್ಮೆಯಿಂದ ಇಂಗ್ಲೆಂಡಿನ ಅರಸನಿಗೆ ಜಯಕಾರ ಮಾಡಿದವರು ವಿರಳ. ಹದಿಮೂರೇ ವರ್ಷಗಳಲ್ಲಿ ಅದೇ ಜನ ಅದೇ ಅರಸನನ್ನು ಪ್ರಜಾಪೀಡಕನೆಂದು ಜಗತ್ತಿನ ಮುಂದೆ ಸಾರಿದರು. ಈ ನಡುವಿನ ಕಾಲದಲ್ಲಿ ನಡೆದುದೇನೆಂಬುದೇ ಈ ದಿನದ ವಿಚಾರ.

ಶಾಲೆಯ ಪಾಠಪುಸ್ತಕ ಇದಕ್ಕೆ ಕೊಡುವ ಉತ್ತರ ಒಂದೇ ಮಾತಿನದು: ತೆರಿಗೆ. ತೆರಿಗೆಯ ಭಾರವನ್ನು ಹೊರಲಾರದೆ ಜನ ದಂಗೆಯೆದ್ದರೆಂಬ ಈ ಮಾತನ್ನು ಸ್ವಲ್ಪ ಪರೀಕ್ಷಿಸಿ ನೋಡಿದರೆ ಅದು ನಿಲ್ಲಲಾರದು. ಅಮೆರಿಕದವರು ಸಾಮ್ರಾಜ್ಯದ ಬೊಕ್ಕಸಕ್ಕೆ ತೆರುತ್ತಿದ್ದುದು ಇಂಗ್ಲೆಂಡಿನ ಸಾಮಾನ್ಯ ಪ್ರಜೆ ತೆರುತ್ತಿದ್ದುದರ ಒಂದು ಅಲ್ಪಾಂಶ ಮಾತ್ರ. 1764ರ ಸಕ್ಕರೆ ಕಾಯಿದೆ ಕಾಕಂಬಿಯ ಮೇಲಿದ್ದ ಸುಂಕವನ್ನು ಗ್ಯಾಲನ್ನಿಗೆ ಆರು ಪೆನ್ಸಿನಿಂದ ಮೂರಕ್ಕೆ ಇಳಿಸಿತು. ಸುಂಕ ಇಳಿದಾಗಲೇ ಅಸಮಾಧಾನ ಏರಿತು. ಬಾಸ್ಟನ್ನಿನಲ್ಲಿ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದ ವರ್ಷ, ಅದರ ಮೇಲಿದ್ದ ಸುಂಕವನ್ನು ಕೊಟ್ಟಮೇಲೂ ಚಹ ಹಿಂದಿಗಿಂತ ಅಗ್ಗವಾಗಿ ದೊರೆಯುವಂತಿತ್ತು. ಹೊರೆ ಹಗುರವಾದಷ್ಟೂ ಸಿಟ್ಟು ಹೆಚ್ಚುತ್ತ ಹೋಯಿತೆಂದಮೇಲೆ, ಸಿಟ್ಟಿನ ಮೂಲ ಹೊರೆಯಲ್ಲಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಆ ಮೂಲವನ್ನು ಹುಡುಕುವುದಕ್ಕೆ ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕು. ವರ್ಜೀನಿಯದ ವಸಾಹತುಗಾರರ ಪ್ರತಿನಿಧಿಸಭೆ ಮೊದಲು ಕೂಡಿದುದು 1619ರಲ್ಲಿ. ಅಲ್ಲಿಂದ ಮುಂದೆ ಒಂದೊಂದು ವಸಾಹತಿನಲ್ಲಿಯೂ ಇಂಥದೊಂದು ಸಭೆ ಹುಟ್ಟಿ ಬೆಳೆಯಿತು. ಲಂಡನ್ನಿನಿಂದ ಒಂದು ಆಜ್ಞೆ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿ ಬರಬೇಕಾದರೆ ವಾರಗಳು, ಕೆಲವು ವೇಳೆ ತಿಂಗಳುಗಳು ಹಿಡಿಯುತ್ತಿದ್ದ ಕಾಲ ಅದು. ಆಜ್ಞೆ ಬಂದು ಮುಟ್ಟುವಷ್ಟರಲ್ಲಿ ಅದು ಯಾವ ಸಂದರ್ಭಕ್ಕಾಗಿ ಹೊರಟಿತೋ ಆ ಸಂದರ್ಭವೇ ಕಳೆದುಹೋಗಿರುತ್ತಿತ್ತು. ಹೆಚ್ಚಿನ ವಸಾಹತುಗಳಲ್ಲಿ ಅರಸನ ಹೆಸರಿನಲ್ಲಿ ಗವರ್ನರನೊಬ್ಬನಿದ್ದನು, ನಿಜ. ಆದರೆ ಅವನಿಗೆ ವರ್ಷ ವರ್ಷದ ಸಂಬಳವನ್ನು ಮಂಜೂರುಮಾಡುತ್ತಿದ್ದುದು ಬಹುಮಟ್ಟಿಗೆ ಅಲ್ಲಿಯ ಸಭೆಯೇ ಆದುದರಿಂದ, ಸಭೆಯ ಮನಸ್ಸನ್ನು ಮುರಿದು ಆಳುವ ಧೈರ್ಯ ಹೆಚ್ಚು ಮಂದಿ ಗವರ್ನರರಿಗೆ ಇರಲಿಲ್ಲ. ಇನ್ನು ನ್ಯೂ ಇಂಗ್ಲೆಂಡಿನ ಹಳ್ಳಿಗಳಲ್ಲಂತೂ ಸೇತುವೆ ರಿಪೇರಿ, ಶಾಲೆಯ ಉಪಾಧ್ಯಾಯನ ಸಂಬಳ, ದಿಕ್ಕಿಲ್ಲದವರ ಪೋಷಣೆ, ಕಡೆಗೆ ಬೇಲಿ ನುಗ್ಗಿದ ಹಂದಿಯ ವ್ಯಾಜ್ಯ, ಇಷ್ಟನ್ನೂ ಊರವರೇ ಊರಸಭೆಯಲ್ಲಿ ಕೂತು, ಕೈಯೆತ್ತಿ, ತೀರ್ಮಾನಿಸಿಕೊಳ್ಳುತ್ತಿದ್ದರು. ಸ್ವರಾಜ್ಯವೆಂಬುದು ಅವರಿಗೆ ಗ್ರಂಥಗಳಿಂದ ಕಲಿತ ತತ್ತ್ವವಾಗಿರಲಿಲ್ಲ; ಅಜ್ಜನ ಕಾಲದಿಂದ ನಡೆದುಬಂದ ದಿನಚರಿಯಾಗಿತ್ತು. ಸಾಮ್ರಾಜ್ಯದ ವ್ಯಾಪಾರಶಾಸನಗಳು 1651ರಿಂದಲೂ ಇದ್ದುವು. ಅವನ್ನು ಕಟ್ಟುನಿಟ್ಟಾಗಿ ಜಾರಿಗೆ ತರುವವರಿರಲಿಲ್ಲ. ಬರೆದ ಕಾನೂನು ಲಂಡನ್ನಿನಲ್ಲಿತ್ತು, ನಡೆಯುವ ಕಾನೂನು ಊರಿನಲ್ಲಿತ್ತು. ಇವೆರಡೂ ಒಂದನ್ನೊಂದು ಎದುರಿಸುವ ಪ್ರಸಂಗ ಬಾರದಿದ್ದಷ್ಟು ಕಾಲ ಎಲ್ಲರೂ ರಾಜನಿಷ್ಠರೇ.

ಆ ಪ್ರಸಂಗವನ್ನು ತಂದುದು ಯುದ್ಧದ ಜಯ. ಬ್ರಿಟನ್ನಿನ ರಾಷ್ಟ್ರಋಣ ಯುದ್ಧಕ್ಕೆ ಮುಂಚೆ ಇದ್ದುದರ ಹೆಚ್ಚುಕಡಿಮೆ ಇಮ್ಮಡಿಯಾಗಿ 13 ಕೋಟಿ ಪೌಂಡಿನ ಆಸುಪಾಸಿಗೆ ಬಂದಿತ್ತು. ಹೊಸದಾಗಿ ಸಿಕ್ಕಿದ ವಿಸ್ತಾರವಾದ ಭೂಭಾಗಕ್ಕೆ ಸೈನ್ಯದ ಕಾವಲು ಬೇಕಾಗಿತ್ತು. ಆ ಕಾವಲಿನ ವೆಚ್ಚದಲ್ಲಿ ಒಂದು ಪಾಲನ್ನು ಅದರಿಂದ ರಕ್ಷಣೆ ಪಡೆಯುವವರೇ ವಹಿಸಲೆಂದು ಮಂತ್ರಿ ಜಾರ್ಜ್ ಗ್ರೆನ್‌ವಿಲ್ ಯೋಚಿಸಿದುದರಲ್ಲಿ ದುಷ್ಟತನವೇನೂ ಇರಲಿಲ್ಲವೆಂದು ನನಗೆ ತೋರುತ್ತದೆ. ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡವನಿಗೆ ಅದಕ್ಕಿಂತ ಸಹಜವಾದ ಯೋಚನೆ ಹೊಳೆಯುವಂತೆಯೂ ಇರಲಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಕಾಣದ ಬಾಬತುಗಳೂ ಇದ್ದುವು. ಫ್ರೆಂಚರ ಭಯ ಹೋದಮೇಲೆ ಆ ಕಾವಲೇ ತಮಗೆ ಬೇಡವೆನಿಸತೊಡಗಿತ್ತು ವಸಾಹತುಗಾರರಿಗೆ. ಅಪಲಾಚಿಯನ್ ಬೆಟ್ಟಸಾಲಿನ ಆಚೆಗೆ ಯಾರೂ ನೆಲಸಕೂಡದೆಂದು 1763ರ ರಾಜಘೋಷಣೆ ಗೆರೆಯೆಳೆದಾಗ, ಆ ನೆಲದ ಮೇಲೆ ಕಣ್ಣಿಟ್ಟಿದ್ದ ರೈತನೂ ಭೂವ್ಯಾಪಾರಿಯೂ ಏಕಪ್ರಕಾರವಾಗಿ ಮುಖ ಗಂಟಿಕ್ಕಿದರು.

1765ರ ಛಾಪಾ ಕಾಯಿದೆ ಬಂದುದು ಇಂಥ ವೇಳೆಯಲ್ಲಿ. ಕ್ರಯಪತ್ರ, ಉಯಿಲು, ಕೋರ್ಟಿನ ಕಾಗದ, ವೃತ್ತಪತ್ರಿಕೆ, ಪಂಚಾಂಗ, ಇಸ್ಪೀಟಿನ ಎಲೆ, ಪಗಡೆಯ ದಾಳ, ಎಲ್ಲಕ್ಕೂ ಸರ್ಕಾರದ ಮುದ್ರೆ ಬೇಕೆಂದಿತು ಅದು. ಮುದ್ರಣಕಾರರಿಗೂ ವಕೀಲರಿಗೂ ಏಕಕಾಲದಲ್ಲಿ ಕೈಹಾಕಿದ ಸರ್ಕಾರ ತನ್ನ ವಿರುದ್ಧ ಬರೆಯಬಲ್ಲವರನ್ನೂ ಮಾತನಾಡಬಲ್ಲವರನ್ನೂ ಒಟ್ಟಿಗೆ ಎಬ್ಬಿಸಿತು. ಬಾಸ್ಟನ್ನಿನಲ್ಲಿ ಛಾಪಾ ಹಂಚುವ ಕೆಲಸಕ್ಕೆ ನೇಮಕವಾಗಿದ್ದ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದರು. ಆತ ಹುದ್ದೆಯನ್ನು ಬಿಟ್ಟುಕೊಡಲೊಪ್ಪಿದನು. ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ, ತಾವು ಆರಿಸದ ಪಾರ್ಲಿಮೆಂಟಿಗೆ ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕಿಲ್ಲವೆಂದರು. ಮರುವರ್ಷದ ಮಾರ್ಚಿನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ರದ್ದುಮಾಡಿತು. ಆದರೆ ಅದೇ ದಿನವೇ ಇನ್ನೊಂದು ಶಾಸನವನ್ನು ಮಾಡಿ, ಸಕಲ ವಿಷಯಗಳಲ್ಲಿಯೂ ವಸಾಹತುಗಳನ್ನು ಕಟ್ಟುಪಡಿಸುವ ಪೂರ್ಣಾಧಿಕಾರ ತನಗುಂಟೆಂದು ಘೋಷಿಸಿತು. ತಲೆಮಾರುಗಳಿಂದ ಓಡಾಡುತ್ತಿದ್ದ ಹೊಲದ ದಾರಿಯಲ್ಲಿ, ಇನ್ನು ಮುಂದೆಯೂ ಓಡಾಡಿ, ಆದರೆ ಅದು ನನ್ನ ಅನುಗ್ರಹವೆಂದು ತಿಳಿದಿರಿ ಎಂದು ಪಕ್ಕದವನು ಹೇಳಿದಂತಾಯಿತು. ಈ ಇಡೀ ಇತಿಹಾಸದಲ್ಲಿ ಛಾಪಾ ಕಾಯಿದೆಗಿಂತ ಈ ಘೋಷಣೆಯೇ ನಿರ್ಣಾಯಕವಾದುದೆಂದು ನಾನು ನಂಬಿದ್ದೇನೆ. ತೆರಿಗೆಯನ್ನು ಕೊಟ್ಟು ಮರೆಯಬಹುದು. ತಾನು ಈವರೆಗೆ ಹಕ್ಕೆಂದು ಅನುಭವಿಸಿದುದು ಬರಿಯ ಭಿಕ್ಷೆಯಾಗಿತ್ತೆಂಬ ಮಾತನ್ನು ಕೇಳಿದವನು ಅದನ್ನು ಮರೆಯಲಾರನು.

1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಗಳ ಮೇಲೆ ಸುಂಕ ಬಂದಿತು. 1770ರಲ್ಲಿ ಚಹವೊಂದನ್ನುಳಿದು ಮಿಕ್ಕವುಗಳ ಮೇಲಣ ಸುಂಕ ಹೋಯಿತು. ಹಕ್ಕನ್ನು ಬಿಟ್ಟುಕೊಟ್ಟಿಲ್ಲವೆಂಬ ಗುರುತಿಗಾಗಿ ಚಹದ ಸುಂಕವನ್ನು ಉಳಿಸಿಕೊಂಡರು. ಈ ಚಹದ ಕಥೆಯಲ್ಲಿ ನಮ್ಮ ದೇಶದ ಹೆಸರೂ ಸೇರಿಕೊಂಡಿದೆ. 1770ರ ಘೋರ ಕ್ಷಾಮದಲ್ಲಿ ಬಂಗಾಳ ತತ್ತರಿಸಿದ ಬೆನ್ನಿನಲ್ಲಿಯೇ ಈಸ್ಟ್ ಇಂಡಿಯಾ ಕಂಪೆನಿ ಸಾಲದಲ್ಲಿ ಮುಳುಗಿತು; ಅದರ ಲಂಡನ್ ಉಗ್ರಾಣಗಳಲ್ಲಿ ಒಂದೂವರೆ ಕೋಟಿ ಪೌಂಡ್ ತೂಕಕ್ಕೂ ಮೀರಿದ ಚೀನಾ ದೇಶದ ಚಹ ಮಾರಾಟವಾಗದೆ ಬಿದ್ದಿತ್ತು. ಕಂಪೆನಿಯನ್ನು ಉಳಿಸುವ ಉಪಾಯವಾಗಿ, ಅದು ಚಹವನ್ನು ನೇರವಾಗಿ ಅಮೆರಿಕಕ್ಕೆ ಕಳುಹಿಸಲು 1773ರಲ್ಲಿ ಅನುಮತಿ ದೊರೆಯಿತು. ಅಮೆರಿಕದ ಲೇಖಕ ಜಾನ್ ಡಿಕಿನ್‌ಸನ್ ಆ ವರ್ಷ ಬರೆದ ಕರಪತ್ರದಲ್ಲಿ, ಬಂಗಾಳದಲ್ಲಿ ಈ ಕಂಪೆನಿ ಏನು ಮಾಡಿತೆಂಬುದನ್ನು ನೋಡಿರಿ, ನಾಳೆ ನಮಗೂ ಅದೇ ಗತಿ ಎಂದು ತನ್ನ ಜನವನ್ನು ಎಚ್ಚರಿಸಿದನು. ನಮ್ಮವರ ಹಸಿವಿನ ಸುದ್ದಿ ಅಷ್ಟು ದೂರದ ಜನರ ಕಿವಿಯನ್ನು ಮುಟ್ಟಿ ಅವರ ಸಂಕಲ್ಪಕ್ಕೆ ಬಲಕೊಟ್ಟಿತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಹಡಗುಕಟ್ಟೆಯಲ್ಲಿ ನಿಂತಿದ್ದ ಮೂರು ಹಡಗುಗಳನ್ನೇರಿದವರು 342 ಪೆಟ್ಟಿಗೆ ಚಹವನ್ನು ನೀರಿಗೆ ಸುರಿದರು.

ಶಿಕ್ಷೆಯ ಶಾಸನಗಳು 1774ರಲ್ಲಿ ಒಂದರ ಮೇಲೊಂದು ಬಂದುವು. ಬಾಸ್ಟನ್ ಬಂದರು ಮುಚ್ಚಿತು. ಅದಕ್ಕಿಂತ ಆಳವಾಗಿ ನಾಟಿದುದು ಮೆಸಾಚುಸೆಟ್ಸ್ ವಸಾಹತಿನ ಆಡಳಿತಕ್ರಮವನ್ನೇ ಬದಲಿಸಿದ ಶಾಸನ: ಗವರ್ನರನ ಅಪ್ಪಣೆಯಿಲ್ಲದೆ ಊರಸಭೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಕೂಡುವಂತಿಲ್ಲ, ನ್ಯಾಯಾಧೀಶರ ನೇಮಕದಲ್ಲಿ ಜನಪ್ರತಿನಿಧಿಗಳ ಮಾತಿಗೆ ಎಡೆಯಿಲ್ಲ. ಸೆಪ್ಟೆಂಬರ್ 6ರಂದು ವೂಸ್ಟರ್ ಎಂಬ ಊರಿನಲ್ಲಿ ಕೋರ್ಟು ಕೂಡಬೇಕಾಗಿತ್ತು. ಆ ದಿನ ಬೆಳಗ್ಗೆ ಸುತ್ತಿನ 37 ಊರುಗಳಿಂದ 4,600ಕ್ಕೂ ಮಿಕ್ಕ ರೈತರು, ಒಂದೊಂದು ಊರಿನವರು ಒಂದೊಂದು ದಳವಾಗಿ ಬಂದು, ಊರ ಹೆದ್ದಾರಿಯ ಎರಡು ಮಗ್ಗುಲಲ್ಲಿಯೂ ಸಾಲಾಗಿ ನಿಂತರು. ನ್ಯಾಯಾಧೀಶರೂ ಅಧಿಕಾರಿಗಳೂ ತಲೆಯ ಮೇಲಣ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದು, ಆ ಎರಡು ಸಾಲುಗಳ ನಡುವೆ ನಡೆಯುತ್ತ, ಹೊಸ ಶಾಸನದ ಮೇರೆಗೆ ತಾವು ಅಧಿಕಾರ ನಡೆಸುವುದಿಲ್ಲವೆಂಬ ಬರಹವನ್ನು ಪ್ರತಿಯೊಂದು ದಳಕ್ಕೂ ಕೇಳುವಂತೆ ಮತ್ತೆ ಮತ್ತೆ ಓದಬೇಕಾಯಿತು. ಒಂದು ಗುಂಡೂ ಹಾರಲಿಲ್ಲ, ಒಂದು ತೊಟ್ಟು ರಕ್ತವೂ ಬೀಳಲಿಲ್ಲ. ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ಯುದ್ಧದ ಮೊದಲ ಗುಂಡು ಹಾರಿದುದು ಏಳು ತಿಂಗಳ ಮೇಲೆ, 1775ರ ಏಪ್ರಿಲ್ 19ರಂದು. ಆದರೆ ಬಾಸ್ಟನ್ ನಗರದ ಹೊರಗೆ ಅರಸನ ಆಳ್ವಿಕೆ ವೂಸ್ಟರಿನಂಥ ಊರುಗಳಲ್ಲಿ ಆಗಲೇ ಮುಗಿದುಹೋಗಿತ್ತು.

ಲೆಕ್ಸಿಂಗ್ಟನ್ನಿನಲ್ಲಿ ಆರಂಭವಾದ ಆ ದಿನದ ಹೋರಾಟದಲ್ಲಿ ಪಾಲ್ಗೊಂಡಿದ್ದ ಲೆವಿ ಪ್ರೆಸ್ಟನ್ ಎಂಬವನನ್ನು, ಅವನು ತೊಂಬತ್ತು ದಾಟಿದ ವೃದ್ಧನಾಗಿದ್ದಾಗ, ಚರಿತ್ರೆಯಲ್ಲಿ ಆಸಕ್ತನಾಗಿದ್ದ ಯುವಕನೊಬ್ಬನು ಕಂಡು ಪ್ರಶ್ನಿಸಿದ ವೃತ್ತಾಂತವನ್ನು ಆ ಯುವಕನೇ ಬರೆದಿಟ್ಟಿದ್ದಾನೆ. ದಬ್ಬಾಳಿಕೆಯನ್ನು ತಾಳಲಾರದೆ ಹೋದಿರೋ ಎಂದರೆ, ದಬ್ಬಾಳಿಕೆಯೇ ನನಗೆ ತಿಳಿಯದು ಎಂದನಂತೆ ಮುದುಕ. ಛಾಪಾ ಕಾಗದವೋ? ಅದನ್ನು ಕಣ್ಣಿಂದ ನೋಡಿಯೇ ಇರಲಿಲ್ಲ. ಚಹದ ಸುಂಕವೋ? ಚಹವನ್ನು ಕುಡಿದೇ ಇರಲಿಲ್ಲ. ಸ್ವಾತಂತ್ರ್ಯವನ್ನು ಕುರಿತ ತತ್ತ್ವಜ್ಞಾನಿಗಳ ಗ್ರಂಥಗಳೋ? ಬೈಬಲ್ಲು, ಕೀರ್ತನೆ, ಪಂಚಾಂಗ ಮೊದಲಾದುವನ್ನು ಬಿಟ್ಟು ಮನೆಯಲ್ಲಿ ಬೇರೆ ಪುಸ್ತಕವಿರಲಿಲ್ಲ. ಮತ್ತೇಕೆ ಹೋದಿರಿ ಎಂದು ಕಡೆಗೆ ಕೇಳಿದಾಗ ಅವನು ಹೇಳಿದುದರ ತಾತ್ಪರ್ಯವಿಷ್ಟು: ಎಂದಿನಿಂದಲೂ ನಮ್ಮನ್ನು ನಾವೇ ಆಳಿಕೊಂಡು ಬಂದಿದ್ದೆವು, ಮುಂದೆಯೂ ಹಾಗೆಯೇ ಇರಬೇಕೆಂದಿದ್ದೆವು, ಅವರು ಅದಾಗಕೂಡದೆಂದರು. ದೊಡ್ಡ ದೊಡ್ಡ ಸಂಪುಟಗಳಲ್ಲಿ ಪಂಡಿತರು ಹೇಳಿರುವುದಕ್ಕಿಂತ ಈ ರೈತನ ಉತ್ತರವನ್ನೇ ನಾನು ಹೆಚ್ಚಾಗಿ ನೆಚ್ಚುತ್ತೇನೆ.

ಇಷ್ಟಾದರೂ ಬೇರ್ಪಡಬೇಕೆಂಬ ಮನಸ್ಸು ಬಹುಕಾಲ ಬಲಿಯಲಿಲ್ಲ. ಯುದ್ಧ ಆರಂಭವಾದಮೇಲೂ, 1775ರ ಜುಲೈಯಲ್ಲಿ, ವಸಾಹತುಗಳ ಕಾಂಗ್ರೆಸ್ಸು ಅರಸನಿಗೆ ಸಂಧಾನದ ಬಿನ್ನಹವನ್ನು ಕಳುಹಿಸಿತು. ಮೂರನೆಯ ಜಾರ್ಜನು ಅದನ್ನು ಸ್ವೀಕರಿಸದೆ, ಆಗಸ್ಟಿನಲ್ಲಿ ಅವರನ್ನು ದಂಗೆಕೋರರೆಂದು ಸಾರಿದನು. ಪಾರ್ಲಿಮೆಂಟು ತಮ್ಮನ್ನು ಪೀಡಿಸಿದರೂ ಅರಸನು ತಂದೆಯಂತೆ ತಮ್ಮ ಮೊರೆಯನ್ನು ಕೇಳಿಯಾನೆಂಬ ಆಸೆ ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನಿಂದ ಬಂದು ಒಂದು ವರ್ಷವಷ್ಟೇ ಕಳೆದಿದ್ದ ಥಾಮಸ್ ಪೇನನು 1776ರ ಜನವರಿಯಲ್ಲಿ ಅರಸೊತ್ತಿಗೆಯನ್ನೇ ಜರೆದು ಬರೆದ ಪುಸ್ತಿಕೆ ಮನೆಮನೆಗೆ ಹೋಯಿತು. ಜುಲೈ 2ರಂದು ಕಾಂಗ್ರೆಸ್ಸು ಸ್ವಾತಂತ್ರ್ಯದ ನಿರ್ಣಯವನ್ನು ಅಂಗೀಕರಿಸಿತು. 4ರಂದು ಘೋಷಣಾಪತ್ರ ಹೊರಬಿದ್ದಿತು.

ಇನ್ನು ಬಂಡಾಯವೇಳದೆ ಉಳಿದವರ ವಿಚಾರ. ಅಮೆರಿಕ ಭಾಗದಲ್ಲಿ ಆಗ ಬ್ರಿಟನ್ನಿಗಿದ್ದ ವಸಾಹತುಗಳು ಸುಮಾರು ಇಪ್ಪತ್ತಾರು. ತಿರುಗಿಬಿದ್ದುವು ಅವುಗಳಲ್ಲಿ ಅರ್ಧ. ಜಮೈಕ, ಬಾರ್ಬಡೋಸ್ ಮೊದಲಾದ ಸಕ್ಕರೆಯ ದ್ವೀಪಗಳಲ್ಲಿಯೂ ಪ್ರತಿನಿಧಿಸಭೆಗಳಿದ್ದುವು. ಜಮೈಕದ ಸಭೆ 1774ರ ಕೊನೆಯಲ್ಲಿ ಅಮೆರಿಕದವರ ವಾದವನ್ನು ಎತ್ತಿಹಿಡಿದು ಅರಸನಿಗೆ ಬಿನ್ನಹ ಬರೆದುಕೊಂಡಿತು. ಆದರೆ ಪ್ರತಿಭಟಿಸುವ ಶಕ್ತಿ ತನಗಿಲ್ಲವೆಂದೂ ಅದರಲ್ಲಿಯೇ ಒಪ್ಪಿಕೊಂಡಿತು. ಅಲ್ಲಿಯ ಬಿಳಿಯ ಒಡೆಯರು ತಮಗಿಂತ ಎಷ್ಟೋ ಪಾಲು ಹೆಚ್ಚಾಗಿದ್ದ ಗುಲಾಮರ ನಡುವೆ ವಾಸಿಸುತ್ತಿದ್ದರು. ರಾತ್ರಿ ನೆಮ್ಮದಿಯಾಗಿ ನಿದ್ರಿಸಬೇಕಾದರೆ ಅರಸನ ಸೈನ್ಯ ಬೇಕು, ಸಕ್ಕರೆಗೆ ಬೆಲೆ ಸಿಗಬೇಕಾದರೆ ಲಂಡನ್ನಿನ ಮಾರುಕಟ್ಟೆ ಬೇಕು. ಸ್ವಾತಂತ್ರ್ಯದ ಆಸೆಗಿಂತ ಸ್ವಂತ ಆಳುಗಳ ಭಯ ಹೆಚ್ಚಾಗಿದ್ದೆಡೆಯಲ್ಲಿ ಸಾಮ್ರಾಜ್ಯ ಭದ್ರವಾಗಿ ಉಳಿಯಿತು.

ಆ ಹದಿಮೂರರಲ್ಲಾದರೂ ಒಟ್ಟು 25 ಲಕ್ಷದಷ್ಟು ಜನರಲ್ಲಿ ಐದರಲ್ಲಿ ಒಂದು ಪಾಲು ಗುಲಾಮರೇ. 1775ರ ನವೆಂಬರಿನಲ್ಲಿ ವರ್ಜೀನಿಯದ ಗವರ್ನರ್ ಡನ್‌ಮೋರನು, ಬಂಡಾಯಗಾರರ ಗುಲಾಮರು ಅರಸನ ಪಕ್ಷಕ್ಕೆ ಬಂದು ಆಯುಧ ಹಿಡಿದರೆ ಬಿಡುಗಡೆ ಎಂದು ಸಾರಿದಾಗ, ಅವರು ನೂರಾರು ಸಂಖ್ಯೆಯಲ್ಲಿ ಓಡಿಬಂದರು. ಒಡೆಯರು ಸ್ವಾತಂತ್ರ್ಯಕ್ಕಾಗಿ ಅರಸನನ್ನು ತೊರೆಯುತ್ತಿದ್ದಾಗ ಆಳುಗಳು ಸ್ವಾತಂತ್ರ್ಯಕ್ಕಾಗಿ ಅರಸನ ಬಳಿಗೆ ಓಡುತ್ತಿದ್ದರು. ಬೆಟ್ಟಸಾಲಿನ ಆಚೆಯ ಮೂಲನಿವಾಸಿಗಳಿಗಂತೂ 1763ರ ಆ ಗೆರೆಯೇ ಒಂದು ರಕ್ಷೆಯಾಗಿತ್ತು, ವಸಾಹತುಗಾರರ ಜಯದೊಡನೆ ಅದೂ ಅಳಿಸಿಹೋಯಿತು. ಈ ಬಂಡಾಯವನ್ನು ಹೃತ್ಪೂರ್ವಕವಾಗಿ ಮೆಚ್ಚುವ ನಾನು ಈ ಎರಡು ಸಂಗತಿಗಳನ್ನು ಮರೆಮಾಚಿ ಮೆಚ್ಚಲಾರೆ.

ನಮ್ಮ ನಾಡಿಗೂ ಈ ಕಥೆಗೂ ಇರುವ ನಂಟನ್ನು ಹೇಳಿ ಮಾತು ಮುಗಿಸುತ್ತೇನೆ. ಹೈದರಾಲಿಯು ಇಂಗ್ಲಿಷರೊಡನೆ ಹೋರಾಡುತ್ತಿದ್ದ ಸುದ್ದಿ ಅಮೆರಿಕಕ್ಕೂ ಮುಟ್ಟಿ, 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ನೌಕೆಗೆ ಅವನ ಹೆಸರನ್ನೇ ಇಟ್ಟಿದ್ದರು. ಅದಕ್ಕೆ ಆರು ತಿಂಗಳ ಹಿಂದೆ ಯಾರ್ಕ್‌ಟೌನಿನಲ್ಲಿ ಶರಣಾದ ಸೈನ್ಯದ ದಂಡನಾಯಕ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನಿಂದ ಅರ್ಧರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದವನು. ಅಮೆರಿಕವನ್ನು ಕಳೆದುಕೊಂಡವರಿಗೆ ತಮ್ಮ ಜನವೇ ಇಲ್ಲಿ ಬೇರೂರಿ ನಾಳೆ ತಮಗೇ ಎದುರಾದಾರೆಂಬ ಶಂಕೆಯಿತ್ತು. ಯೂರೋಪಿಯನರು ಇಲ್ಲಿ ನೆಲಸುವುದಕ್ಕೂ ಭೂಮಿ ಕೊಳ್ಳುವುದಕ್ಕೂ ಇದ್ದ ನಿರ್ಬಂಧ ಬಹುಮಟ್ಟಿಗೆ ಸಡಿಲವಾದುದು 1833ರ ಸನ್ನದು ಶಾಸನದಿಂದ. ಮುಂದೆ ಕೊಡಗಿಗೂ ಮಲೆನಾಡಿಗೂ ಬಂದು ಕಾಫಿತೋಟ ಮಾಡಿದ ಇಂಗ್ಲಿಷ್ ದೊರೆಗಳು ಇಲ್ಲಿಯೇ ಮನೆ ಕಟ್ಟಿಕೊಂಡರು, ಸರ್ಕಾರದ ಮೇಲೆ ಆಗಾಗ್ಗೆ ಗೊಣಗಿಕೊಂಡದ್ದೂ ಉಂಟು. ಆದರೆ ಬೆರಳೆಣಿಕೆಯ ಆ ಒಡೆಯರು ಸಹಸ್ರಾರು ಕೂಲಿಗಳ ನಡುವೆ ಇದ್ದವರು. ಅವರ ಸ್ಥಿತಿ ವೂಸ್ಟರಿನ ರೈತರದಾಗಿರಲಿಲ್ಲ, ಜಮೈಕದ ತೋಟಗಾರರದಾಗಿತ್ತು. ಸಾಮ್ರಾಜ್ಯದ ಮೇಲೆ ಅವರು ಒಂದು ದಿನವೂ ತಿರುಗಿಬೀಳಲಿಲ್ಲ.