ಘಾಟಿ ಏರುವ ವ್ಯಾನಿನ ಬಿಸಿ

(ರೈತರ ಸಭೆಯೊಂದರಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರಗಳ ವಿಷಯ ಹೇಳುವ ಗ್ರಾಮಸೇವಕನು ಇಂದು ಮೋಟಾರಿನ ವಿಷಯ ಮಾತನಾಡಲು ನಿಂತಿದ್ದಾನಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ಆದರೆ ಬೆಳೆ ಬೆಳೆದರೆ ಸಾಲದು, ಅದು ಪೇಟೆ ಮುಟ್ಟಬೇಕು. ಪೇಟೆಗೆ ಹೋದ ವ್ಯಾನು ಗೊಬ್ಬರ ಹೊತ್ತು ಕ್ಷೇಮವಾಗಿ ಊರು ಸೇರಬೇಕು. ನಮ್ಮ ವ್ಯಾನುಗಳು ಶುಂಠಿ, ಬೀನ್ಸ್, ಹಸಿಮೆಣಸಿನಕಾಯಿ ತುಂಬಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತವೆ. ಮರಳುವಾಗ ಅದೇ ಘಾಟಿಯನ್ನು ಹತ್ತಬೇಕು. ಎಂಜಿನ್ ಕುದಿಯುವ ತೊಂದರೆ ಹುಟ್ಟುವುದು ಆಗಲೇ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. 2023ರ ಏಪ್ರಿಲ್‌ನಲ್ಲಿ ನಮ್ಮ ಹಳ್ಳಿಯ ಯುವಕನೊಬ್ಬನ ಪಿಕಪ್ ವ್ಯಾನಿನಲ್ಲಿ ಗೊಬ್ಬರ ತರಲು ಹೋಗಿದ್ದೆ. 1,000 ಕಿಲೋ ಹೊರುವ ವ್ಯಾನಿಗೆ 50 ಕಿಲೋದ 26 ಮೂಟೆ ಹೇರಿಸಿದೆವು. ನಡು ಮಧ್ಯಾಹ್ನ ಘಾಟಿ ಹತ್ತುವಾಗ ಬಿಸಿ ತೋರಿಸುವ ಮುಳ್ಳು ಮೇಲೇರಿತು, ಬಾನೆಟ್ಟಿನ ಸಂದಿಯಿಂದ ಹಬೆ ಬಂತು. “ಸಾರ್, ಸ್ವಲ್ಪ ಆರಲಿ” ಎಂದ ಹುಡುಗ. “ಹೊತ್ತಾಗುತ್ತದೆ ಕಣಪ್ಪ, ಮುಚ್ಚಳ ತೆಗೆದು ನೀರು ಹಾಕು” ಎಂದವನು ನಾನು. ಅವನು ಗೋಣಿತಾಟು ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಚಿಮ್ಮಿ ಮೊಣಕೈವರೆಗೆ ಬೆಂದುಹೋಯಿತು. ಆ ಮುಂಗಾರಿನಲ್ಲಿ ಎರಡು ತಿಂಗಳು ಅವನ ಬಲಗೈ ನೇಗಿಲು ಹಿಡಿಯಲಿಲ್ಲ. ಓದಿದವನು ನಾನು, ನೋವು ತಿಂದವನು ಅವನು. ಆದ್ದರಿಂದಲೇ ಈ ಮಾತುಗಳನ್ನು ಹೇಳಬೇಕೆನಿಸಿತು.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಎಂಜಿನ್ನಿನಲ್ಲಿ ಉರಿದ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಎಳೆಯುವ ಕೆಲಸಕ್ಕೆ ಬರುತ್ತದೆ. ಉಳಿದುದೆಲ್ಲ ಬಿಸಿಯಾಗಿ ಹೊಗೆಯ ಕೊಳವೆಯಲ್ಲೂ ರೇಡಿಯೇಟರಿನ ನೀರಿನಲ್ಲೂ ಹೊರಗೆ ಹೋಗಬೇಕು. ಬಾವಿಯ ಬಳಿಯ ಡೀಸೆಲ್ ಪಂಪ್‌ಸೆಟ್ಟಿಗೆ ತಾನೇ ಎತ್ತಿದ ಹೊಸ ನೀರು ಸಿಗುತ್ತಿರುತ್ತದೆ. ವ್ಯಾನಿಗೆ ಆ ಭಾಗ್ಯವಿಲ್ಲ. ಕೆಲವೇ ಲೀಟರ್ ನೀರು ಎಂಜಿನ್ನಿನಿಂದ ರೇಡಿಯೇಟರಿಗೆ, ಅಲ್ಲಿ ಗಾಳಿಗೆ ಆರಿ ಮತ್ತೆ ಎಂಜಿನ್ನಿಗೆ, ಹೀಗೆ ಸುತ್ತುತ್ತಿರಬೇಕು.

ಈಗ ಏರಿನ ಲೆಕ್ಕ. ನಮ್ಮ ವ್ಯಾನು ಹೊರೆ ಸೇರಿ ಸುಮಾರು 3,000 ಕಿಲೋ ಇತ್ತು. ಸಮರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಅದನ್ನು ಎಳೆಯಲು ಸುಮಾರು 45 ಕಿಲೋ ಭಾರದಷ್ಟು ಬಲ ಸಾಕು. 100 ಅಡಿ ಸಾಗಿದರೆ 8 ಅಡಿ ಏರುವ ರಸ್ತೆಯಲ್ಲಿ ಇನ್ನೂ 240 ಕಿಲೋದಷ್ಟು ಬಲ ಬೇಕು. ಎಂದರೆ ಒಟ್ಟು ಆರು ಪಟ್ಟು! ಉರಿಯುವ ಎಣ್ಣೆ ಹೆಚ್ಚು, ಹುಟ್ಟುವ ಬಿಸಿ ಹೆಚ್ಚು. ಆದರೆ ವ್ಯಾನು ನಿಧಾನವಾದ್ದರಿಂದ ಎದುರಿನಿಂದ ಬೀಸುವ ಗಾಳಿ ಕಡಿಮೆ. ನಾವು ಹೆಚ್ಚಿಗೆ ಹೇರಿದ ಆರು ಮೂಟೆಗಳು ಪ್ರತಿ ತಿರುವಿನಲ್ಲೂ ಲೆಕ್ಕ ಕೇಳಿದವು.

ಹಿಂದೆ ಘಟ್ಟ ಹತ್ತುವಾಗ ಹಿರಿಯರು ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟುತ್ತಿದ್ದರು. ವ್ಯಾನಿನಲ್ಲಿ ಆ ಇನ್ನೊಂದು ಜೊತೆ ಎತ್ತೇ ಕೆಳಗಿನ ಗೇರ್. ಅದನ್ನು ಬಸವಳಿದ ಮೇಲೆ ಕಟ್ಟುವುದಲ್ಲ, ಏರು ಕಾಣುತ್ತಲೇ ಕಟ್ಟಬೇಕು. ಮೇಲಿನ ಗೇರಿನಲ್ಲೇ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಎಂಜಿನ್ ನಿಧಾನವಾಗಿ ಗುದ್ದಾಡುತ್ತದೆ, ಕಪ್ಪು ಹೊಗೆ ಬಿಡುತ್ತದೆ. ನೀರು ಸುತ್ತಿಸುವ ಪಂಪು ಎಂಜಿನ್ನಿನ ಜೊತೆಗೇ ತಿರುಗುವುದರಿಂದ ಅದೂ ನಿಧಾನವಾಗುತ್ತದೆ. ಬೆಲ್ಟಿನಿಂದ ತಿರುಗುವ ಫ್ಯಾನಿನ ಗತಿಯೂ ಅದೇ. ಒಂದು ಗೇರ್ ಇಳಿಸಿ ಎಂಜಿನ್ ನಡುವೇಗದಲ್ಲಿ ಹಗುರವಾಗಿ ಓಡುವಂತೆ ಮಾಡಿದರೆ ನೀರೂ ಗಾಳಿಯೂ ಚುರುಕಾಗುತ್ತವೆ. ಸದ್ದು ಹೆಚ್ಚಾಯಿತೆಂದು ಹೆದರಬೇಡಿ. ಹಾಗೆಂದು ಎಂಜಿನ್ ಕಿರುಚುವಂತೆಯೂ ಓಡಿಸಬಾರದು.

ಇನ್ನು ಕ್ಲಚ್ಚು ಮತ್ತು ಗೇರ್‌ಪೆಟ್ಟಿಗೆ. ಇವುಗಳ ಸುತ್ತ ನೀರಿಲ್ಲ. ಎದುರಿಗೆ ಬಸ್ಸು ಬಂದಾಗ ಏರಿನಲ್ಲಿ ವ್ಯಾನನ್ನು ಅರ್ಧ ಕ್ಲಚ್ಚಿನಲ್ಲಿ ತೂಗಿ ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಕ್ಲಚ್ಚಿನ ಬಿಲ್ಲೆ ಉಜ್ಜಿ ಉಜ್ಜಿ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ನಿಲ್ಲಬೇಕಾದಾಗ ಹ್ಯಾಂಡ್ ಬ್ರೇಕ್ ಹಾಕಿ, ಕ್ಲಚ್ಚಿಗೆ ಬಿಡುವು ಕೊಡಿ. ಗೇರನ್ನು ತಿರುವಿನ ನಡುವೆ ಅಲ್ಲ, ತಿರುವಿಗೆ ಮೊದಲೇ ಬದಲಿಸಿ. ಗೇರ್‌ಪೆಟ್ಟಿಗೆಯ ಬಿಸಿಯನ್ನು ಅದರೊಳಗಿನ ಆಯಿಲೇ ಹೊರಗೋಡೆಗೆ ಒಯ್ಯಬೇಕು. ಆಯಿಲ್ ಇಳಿದಿದ್ದರೆ ಹಲ್ಲುಗಳು ಸವೆಯುತ್ತವೆ. ವ್ಯಾನು ನಿಂತ ಜಾಗದಲ್ಲಿ ಎಣ್ಣೆಯ ಹನಿ ಕಂಡರೆ ಉದಾಸೀನ ಮಾಡಬೇಡಿ. ತಾನಾಗಿ ಗೇರ್ ಬದಲಿಸುವ ವಾಹನವಿದ್ದವರು ಕಡಿದಾದ ಏರಿನಲ್ಲಿ ಸನ್ನೆಕೋಲನ್ನು ಕೆಳಗಿನ ಗೇರಿಗೆ ಇಡಬೇಕು. ಆಕ್ಸಿಲರೇಟರ್ ತುಳಿದು ಏರಿನಲ್ಲಿ ತೂಗಿ ನಿಲ್ಲಬಾರದು. ಹಾಗೆ ಮಾಡಿದರೆ ಅದರ ಆಯಿಲ್ ಬಹು ಬೇಗ ಕಾಯುತ್ತದೆ.

ಹೊರಡುವ ಮುನ್ನ ಐದು ಕೆಲಸ ಮಾಡಿರಿ.

1. ಎಂಜಿನ್ ತಣ್ಣಗಿರುವಾಗ ಕೂಲಂಟ್ ಮತ್ತು ಎಂಜಿನ್ ಆಯಿಲ್ ಗುರುತಿನವರೆಗೆ ಇವೆಯೇ ನೋಡಿ. ಬರೀ ಬಾವಿಯ ಗಡಸು ನೀರು ಹಾಕುತ್ತ ಹೋದರೆ ಹಂಡೆಯಲ್ಲಿ ಕಟ್ಟುವಂತೆ ಒಳಗೆ ಬಿಳಿಯ ಪದರ ಕಟ್ಟಿ ದಾರಿ ಮುಚ್ಚುತ್ತದೆ.

2. ಬೆಲ್ಟು ಸಡಿಲವಾಗಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ.

3. ರೇಡಿಯೇಟರಿನ ಸಂದಿಗಳಲ್ಲಿ ಸಿಕ್ಕಿದ ಹೊಟ್ಟು, ಹುಳು, ಕೆಸರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ.

4. ವ್ಯಾನಿಗೆ ಎಷ್ಟು ಹೊರೆ ಎಂದು ಬರೆದಿದೆಯೋ ಅಷ್ಟೇ ಹೇರಿ.

5. ಎರಡು ಕ್ಯಾನು ನೀರು ಜೊತೆಗಿರಲಿ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಏರು ಮುಗಿಸುವುದು ಲೇಸು.

ಇಷ್ಟಾದರೂ ಮುಳ್ಳು ಏರಿತೆನ್ನಿ. ಮೊದಲು ಎ.ಸಿ. ನಿಲ್ಲಿಸಿ, ಗೇರ್ ಇಳಿಸಿ, ಕಾಲು ಸಡಿಲಿಸಿ. ಹೀಟರ್ ಇದ್ದರೆ ಕಿಟಕಿ ತೆರೆದು ಅದನ್ನು ಪೂರ್ತಿ ಹಾಕಿ. ಸೆಕೆಯಾದರೂ ಎಂಜಿನ್ನಿನ ಬಿಸಿಯನ್ನೇ ಅದು ಹೊರಗೆ ಎಳೆಯುತ್ತದೆ. ಮುಳ್ಳು ಇಳಿಯದಿದ್ದರೆ, ಕೆಂಪು ಗೆರೆ ಮುಟ್ಟುವ ಮೊದಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹಬೆಯಾಗಲಿ ಸೋರಿಕೆಯಾಗಲಿ ಇಲ್ಲದಿದ್ದರೆ ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಎರಡು ಮೂರು ನಿಮಿಷ ಓಡಲು ಬಿಡಿ. ಹೊರೆಯಿಲ್ಲದೆ ಓಡುವ ಡೀಸೆಲ್ ಎಂಜಿನ್ನಿಗೆ ಬೀಳುವ ಎಣ್ಣೆ ಅತ್ಯಲ್ಪ, ಸೇರುವ ಗಾಳಿ ಯಥೇಚ್ಛ. ನೀರು ಸುತ್ತುತ್ತಿದ್ದರೆ ಅದು ತಾನಾಗಿ ಆರುತ್ತದೆ. ಆದರೆ ಹಬೆ ಬಂದರೆ, ನೀರು ಸೋರಿದರೆ, ಬೆಲ್ಟು ಹರಿದರೆ, ಆಯಿಲ್ ದೀಪ ಹೊತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು.

ಇಲ್ಲೊಂದು ಮೋಸವಿದೆ. ಹಬೆ ಬರುತ್ತಿದ್ದರೂ ಮುಳ್ಳು ಒಮ್ಮೆಲೇ ಕೆಳಗಿಳಿದರೆ ಸಂತೋಷಪಡಬೇಡಿ. ಬಿಸಿ ಅಳೆಯುವ ಗುಂಡಿಯನ್ನು ಮುಟ್ಟುವ ನೀರೇ ಖಾಲಿಯಾಗಿದ್ದರೂ ಹಾಗಾಗುತ್ತದೆ. ಹಾಗೆಯೇ ಓಡಿಸಿದರೆ ಸಿಲಿಂಡರಿನ ತಲೆ ಸೊಟ್ಟಗಾಗಿ ಗ್ಯಾಸ್ಕೆಟ್ಟು ಹೋಗುತ್ತದೆ.

ಕಡೆಯದಾಗಿ ಮುಚ್ಚಳದ ಮಾತು. ಬಯಲಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಅಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆಗೆದ ಕೂಡಲೇ ಒತ್ತಡ ಹೋಗಿ ಒಂದೇ ಏಟಿಗೆ ಕುದಿದು ಚಿಮ್ಮುತ್ತದೆ. ಕೂಗುವ ಕುಕ್ಕರಿನ ಮುಚ್ಚಳವನ್ನು ಯಾವ ತಾಯಿಯೂ ತೆಗೆಯುವುದಿಲ್ಲ; ಇದೂ ಅದೇ. ಅರ್ಧ ಗಂಟೆಯಾದರೂ ಕಾಯಿರಿ. ಮೇಲಿನ ರಬ್ಬರ್ ಕೊಳವೆಯನ್ನು ಬಟ್ಟೆ ಸುತ್ತಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಇನ್ನೂ ಕಾಯಿರಿ. ಮೆತ್ತಗಾದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ದೂರವಿಟ್ಟು, ಮೆಲ್ಲಗೆ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಬಿರಿಯುತ್ತದೆ. ಆರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ.

ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯ ಬದಿಗೆ ಸರಿಸುವುದನ್ನು ಮರೆಯಬೇಡಿ. ನಮ್ಮನ್ನು ಕಾಯ್ದ ಕಲ್ಲು ಕತ್ತಲಲ್ಲಿ ಬೈಕಿನಲ್ಲಿ ಬರುವ ಇನ್ನೊಬ್ಬನನ್ನು ಕೆಡವಬಾರದು.

ಬಾಂಧವರೇ, ಅಂದು ನಾನು ಉಳಿಸಲು ಹೊರಟದ್ದು ಅರ್ಧ ಗಂಟೆ. ಆ ಯುವಕನು ಕಳೆದುಕೊಂಡದ್ದು ಒಂದು ಮುಂಗಾರು. ಅವನೂ ಇಂದು ಈ ಸಭೆಯಲ್ಲಿ ಕುಳಿತಿದ್ದಾನೆ. ಅವನ ಅಪ್ಪಣೆ ಪಡೆದೇ ಇದನ್ನು ಹೇಳಿದ್ದೇನೆ. ತಮ್ಮ ಮನೆಯ ಹುಡುಗರು ವ್ಯಾನು ಹತ್ತುವ ಮೊದಲು ಈ ಮಾತುಗಳನ್ನು ಅವರಿಗೆ ದಯವಿಟ್ಟು ತಿಳಿಸಿರಿ.