ಅಮ್ಮನ ತಲೆಸುತ್ತು ಕಲಿಸಿದ ಪಾಠ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತಾಡಬೇಕೆಂದು ಹೇಳಿದ್ದರು. ಕ್ಷಮೆ ಕೋರಿ, ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ. ಅದು ನಿಮ್ಮ ಮನೆಗೂ ಉಪಯೋಗವಾದೀತು.

ನಮ್ಮ ತಾಯಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಮನೆಯೇ ಗಿರ್ರನೆ ತಿರುಗಿದಂತಾಗುತ್ತಿತ್ತು. ಅರ್ಧ ನಿಮಿಷದಲ್ಲಿ ನಿಲ್ಲುತ್ತಿತ್ತು. ಪಿತ್ತ ಎಂದರು ಒಬ್ಬರು, ಬಿ.ಪಿ. ಎಂದರು ಇನ್ನೊಬ್ಬರು. ಐದು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ ಎರಡು ವರ್ಷ ನಡೆಯಿತು. ನಮ್ಮ ದುರ್ಗಿಗುಡಿಯಲ್ಲಿ ಮೆಡಿಕಲ್ ಶಾಪಿಗೇನು ಬರವೇ? ದುಡ್ಡು ಕಳಿಸುತ್ತಿದ್ದವನು ನಾನೇ. ಫೋನಿನಲ್ಲಿ ನನ್ನ ಪ್ರಶ್ನೆ ಒಂದೇ: "ಮಾತ್ರೆ ತಗೊಂಡ್ಯಾ ಅಮ್ಮ?"

ಬರಬರುತ್ತಾ ಹಗಲಲ್ಲೂ ಮಂಪರು, ಕೈ ನಡುಕ. ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಗ ರಜೆ ಹಾಕಿ ಓಡಿಬಂದೆ.

ಕಿವಿ, ಮೂಗು, ಗಂಟಲು ತಜ್ಞರು ಅಮ್ಮನನ್ನು ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಥಟ್ಟನೆ ಅಂಗಾತ ಮಲಗಿಸಿದರು. ಕಣ್ಣುಗುಡ್ಡೆಗಳು ಪಟಪಟ ಕುಣಿದವು. "ತೊಂದರೆ ಒಳಕಿವಿಯಲ್ಲಿದೆ" ಎಂದರು.

ಮಕ್ಕಳೇ, ಕಿವಿ ಕೇಳುವುದಕ್ಕಷ್ಟೇ ಅಲ್ಲ, ಸಮತೋಲನಕ್ಕೂ ಬೇಕು ಎಂದು ನೀವು ವಿಜ್ಞಾನದಲ್ಲಿ ಓದಿದ್ದೀರಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತಾಕಾರದ ನಾಳಗಳಿವೆ. ಪಕ್ಕದ ಪುಟ್ಟ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ಭದ್ರಾವತಿಯ ಕಬ್ಬಿಣದ ಕುಲುಮೆಗೆ ಹಾಕುತ್ತಿದ್ದ ಸುಣ್ಣಕಲ್ಲಿನಲ್ಲಿರುವುದೂ ಅದೇ ಪದಾರ್ಥ. ಈ ಹರಳುಗಳು ಕಳಚಿ ನಾಳದೊಳಗೆ ಸೇರಿದರೆ, ತಲೆ ಅಲುಗಿದಾಗ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಹರಳನ್ನು ಸ್ವಸ್ಥಾನಕ್ಕೆ ಮರಳಿಸುವ ಶಕ್ತಿ ಯಾವ ಮಾತ್ರೆಗೂ ಇಲ್ಲ. ಅಮೆರಿಕದ ಡಾ. ಜಾನ್ ಎಪ್ಲಿ ಅದಕ್ಕೊಂದು ಕ್ರಮ ರೂಪಿಸಿ 1992ರಲ್ಲಿ ಪ್ರಕಟಿಸಿದರು. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಹೊರಗೆ ಜಾರಿಸುವುದು, ಅಷ್ಟೇ. ಅಮ್ಮನಿಗೂ ಅದನ್ನೇ ಮಾಡಿದರು. ಐದಾರು ನಿಮಿಷ ಹಿಡಿಯಿತು. ಅಮ್ಮ ಎದ್ದು ಕೂತು ಕೇಳಿದರು: "ಮಾತ್ರೆ ಬರೆಯಲ್ವಾ ಡಾಕ್ಟ್ರೇ?"

ಹಾಗೆಂದು ಮಾತ್ರೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ವೈದ್ಯರು ನನಗೆ ವಿವರಿಸಿದ್ದು ಹೀಗೆ. ಒಳಕಿವಿಯ ನರ ಊದಿಕೊಂಡು ದಿನಗಟ್ಟಲೆ ತಲೆ ಸುತ್ತುವಾಗ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್‌ನಂಥ ಮಾತ್ರೆಗಳು ಸುತ್ತನ್ನೂ ವಾಂತಿಯನ್ನೂ ತಗ್ಗಿಸುತ್ತವೆ. ಆದರೆ ಅವು ಕೆಲವೇ ದಿನಕ್ಕೆ. ಹೆಚ್ಚು ಕಾಲ ನುಂಗಿದರೆ ಹೊಸ ಸ್ಥಿತಿಗೆ ಹೊಂದಿಕೊಳ್ಳುವ ಮಿದುಳಿನ ಕೆಲಸಕ್ಕೇ ಅಡ್ಡಿ. ವಯಸ್ಸಾದವರಿಗೆ ಮಂಪರು, ನಡುಕ, ಬೀಳುವ ಭಯ. ಕಿವಿಯಲ್ಲಿ ಗುಂಯ್‌ಗುಡುವಿಕೆ, ಮಂದ ಕಿವುಡು, ಗಂಟೆಗಟ್ಟಲೆ ಸುತ್ತು ಇರುವ ಮೆನಿಯರ್ ಕಾಯಿಲೆಗೆ ಬೀಟಾಹಿಸ್ಟೀನ್ ಕೊಡುವ ರೂಢಿಯಿದೆ. ಜರ್ಮನಿಯಲ್ಲಿ 221 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಒಂಬತ್ತು ತಿಂಗಳು ಕೊಟ್ಟು ನೋಡಿದರೂ ಔಷಧವಿಲ್ಲದ ಬರೀ ಗುಳಿಗೆಗಿಂತ ಅದು ಹೆಚ್ಚು ಫಲ ಕೊಡಲಿಲ್ಲ.

ಅಂದರೆ, ತಲೆಸುತ್ತು ಒಂದು ಕಾಯಿಲೆಯ ಹೆಸರಲ್ಲ, ಹಲವು ಕಾಯಿಲೆಗಳ ಲಕ್ಷಣ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಅದು ಲಕ್ವ ಇರಬಹುದು. ತಡಮಾಡದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ನನ್ನ ಮಾತು ಕೇಳಿ ಯಾರೂ ಇವತ್ತೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ನಿಲ್ಲಿಸಿ.

ಆಫೀಸಿನಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದರೆ ನಾವು ದೋಷ ಹುಡುಕುತ್ತೇವೆ. ಗಂಟೆಯ ಬಾಯಿ ಮುಚ್ಚಿ ಸುಮ್ಮನಾದವನಿಗೆ ಕೆಲಸ ಉಳಿಯುವುದಿಲ್ಲ. ಮನೆಯಲ್ಲಿ ನಾನು ಎರಡು ವರ್ಷ ಮಾಡಿದ್ದು ಅದನ್ನೇ. "ಯಾಕೆ?" ಎಂದು ಕೇಳುವುದನ್ನು ಇದೇ ಶಾಲೆಯ ವಿಜ್ಞಾನದ ಮೇಷ್ಟ್ರು ಕಲಿಸಿದ್ದರು. ಅಮ್ಮನ ವಿಷಯದಲ್ಲಿ ಮರೆತೆ.

ವಿದ್ಯಾರ್ಥಿಗಳೇ, ಎಲ್ಲರೂ ಇಂಜಿನಿಯರೇ ಆಗಬೇಕಿಲ್ಲ. ಕಿವಿಯನ್ನು ಅರಿತ ತಜ್ಞರನ್ನು ತಯಾರಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ 1965ರಿಂದ ಇದೆ. ಅದೂ ಒಂದು ದಾರಿ.

ಆ ತಲೆಸುತ್ತು ಅಮ್ಮನಿಗೆ ಮತ್ತೊಮ್ಮೆ ಬಂತು. ಹರಳು ಮತ್ತೆ ಜಾರುವುದುಂಟಂತೆ. ಈ ಸಲ ಮಾತ್ರೆ ತರಿಸದೆ ಆಟೋ ಹತ್ತಿ ತಾವೇ ವೈದ್ಯರಲ್ಲಿಗೆ ಹೋಗಿಬಂದರು. ಇವತ್ತು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರಿಗೂ, ಪ್ರಶ್ನೆ ಕೇಳುವುದನ್ನು ಕಲಿಸಿದ ಈ ಶಾಲೆಗೂ ನನ್ನ ನಮಸ್ಕಾರ.